ನಂಬಿಕೆಯು ಹರಕೆಯಲ್ಲ

ಕ್ರೈಸ್ತ ಮನೆತನದ ಎಳೇ ಮಗುವಿಗೆ ಕ್ಯಾನ್ಸರ್ ಎಂಬ ಘೋರ ವ್ಯಾಧಿಯು ಉಂಟಾದಾಗ ಆ ತಾಯಿತಂದೆಗಳ ನಂಬಿಕೆಯು ಎಂಥದಾಗಿರತಕ್ಕದ್ದು? ಇದು ಪಂಡಿತರು ಮಾತ್ರ ವಿಚಾರಿಸುವ ಪ್ರಶ್ನೆಯಲ್ಲ. ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಲ್ಲಿ ಶೇಂಗಾ ಬೆಳೆಯುವವನ ಮನೆಗಾಗಲಿ, ರೇಷ್ಮೆ ಸೀರೆ ನೇಯುವವನ ಮನೆಗಾಗಲಿ, ಕುರಿ ಕಾಯುವವನ ಹಟ್ಟಿಗಾಗಲಿ ಇದು ಯಾವ ದಿವಸವಾದರೂ ಬರಬಹುದು. ಬಂದ ಮೇಲೆ ಉತ್ತರವನ್ನು ಹುಡುಕುತ್ತಾ ಕೂತಿರುವದಕ್ಕೆ ಸಾವಕಾಶವಿರದು. ಆದಕಾರಣ ಮನಸ್ಸು ಸ್ವಸ್ಥವಾಗಿರುವಾಗಲೇ ಇದನ್ನು ಆಲೋಚಿಸುವದು ಒಳ್ಳೇದೆಂದು ನಮಗೆ ತೋರುತ್ತದೆ.

ಅಂಥ ಮನೆಗೆ ಮೂರು ವಿಧವಾದ ಮಾತುಗಳು ಬರುವದುಂಟು. ನೆರೆಯವರಲ್ಲಿ ಕೆಲವರು, "ಹಿರಿಯರ ಕಾಲದ ಮನೆದೇವರನ್ನು ಬಿಟ್ಟಿರಿ, ಆ ಮುನಿಸು ಈಗ ಕೂಸಿನ ಮೇಲೆ ಬಂತು, ಹೋಗಿ ತಪ್ಪುಕಾಣಿಕೆ ಒಪ್ಪಿಸಿರಿ" ಅನ್ನುವರು. ಸಭೆಯವರಲ್ಲಿ ಕೆಲವರು, "ನಿಮ್ಮಲ್ಲಿ ಯಾವದೋ ಗುಪ್ತವಾದ ಪಾಪವಿರಬೇಕು, ಅದನ್ನು ಅರಿಕೆಮಾಡಿದ ಹೊರತು ಗುಣವಾಗದು" ಅನ್ನುವರು. ಇನ್ನು ಕೆಲವರು, "ಸ್ವಾಮಿಯನ್ನು ನಂಬಿದವರಿಗೆ ಆಸ್ಪತ್ರೆ ಯಾಕೆ? ಪ್ರಾರ್ಥನೆ ಸಾಲದೋ?" ಎಂದು ಕೇಳುವರು. ಈ ಮೂರು ಮಾತುಗಳು ಬೇರೆ ಬೇರೆಯಾಗಿ ಕಂಡರೂ ಒಂದೇ ಬೇರಿನಿಂದ ಹುಟ್ಟಿದವುಗಳಾಗಿವೆ. ಆ ಬೇರು ಯಾವದೆಂದು ಮುಂದೆ ತೋರಿಸುವೆವು.

ಮೊದಲು ವ್ಯಾಧಿಯ ಸಂಗತಿಯನ್ನು ತಿಳುಕೊಳ್ಳೋಣ. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ರಕ್ತದ ಕ್ಯಾನ್ಸರು ಹೆಚ್ಚಾಗಿ ಕಾಣುವಂಥದು. ರಕ್ತವು ಎಲುಬಿನೊಳಗಿನ ಮಜ್ಜೆಯಲ್ಲಿ ಹುಟ್ಟುತ್ತದಷ್ಟೆ. ಅಲ್ಲಿ ಬಿಳೀ ರಕ್ತಕಣಗಳು ಬಲಿಯುವ ಮೊದಲೇ ಕೆಟ್ಟು, ಲೆಕ್ಕವಿಲ್ಲದೆ ಹೆಚ್ಚಿ, ಒಳ್ಳೇ ಕಣಗಳಿಗೆ ಸ್ಥಳವಿಲ್ಲದಂತೆ ಮಾಡುತ್ತವೆ. ಆಗ ಮಗುವು ಬಿಳಿಚಿಕೊಳ್ಳುವದು. ಜ್ವರವು ಬಿಟ್ಟು ಬಿಟ್ಟು ಬರುವದು. ಕೈಕಾಲಿನ ಎಲುಬು ನೋಯುವದು. ಪೆಟ್ಟು ಬೀಳದಿದ್ದರೂ ಮೈಮೇಲೆ ನೀಲಿ ಕಲೆಗಳು ಏಳುವವು. ಕುತ್ತಿಗೆಯಲ್ಲಿ ಗಂಟುಗಳು ತೋರುವವು. ಇಂಥ ಗುರುತುಗಳು ಕಂಡಾಗ ದೃಷ್ಟಿ ತಗಲಿತೆಂದು ವಾರಗಟ್ಟಲೆ ಕಾದಿರದೆ ಮಗುವಿನ ರಕ್ತವನ್ನು ಪರೀಕ್ಷೆ ಮಾಡಿಸತಕ್ಕದ್ದು. ಇದು ಅಂಟುವ ರೋಗವಲ್ಲ. ಹೆಚ್ಚಿನ ಮಕ್ಕಳಲ್ಲಿ ಇದು ಯಾವ ಕಾರಣದಿಂದ ಬಂತೆಂದು ಬಲ್ಲ ವೈದ್ಯರೂ ಹೇಳಲಾರರು. ಆದದರಿಂದ ತಾಯಿಯ ಮೇಲಾಗಲಿ ತಂದೆಯ ಮೇಲಾಗಲಿ ತಪ್ಪು ಹೊರಿಸುವದಕ್ಕೆ ಯಾರಿಗೂ ಆಧಾರವಿಲ್ಲ.

ಹೀಗಿರಲಾಗಿ, ಇದು ದಂಡನೆಯೆಂದು ಹೇಳುವವರಿಗೆ ಏನು ಉತ್ತರ ಕೊಡೋಣ? ಲೋಕದಲ್ಲೆಲ್ಲಾ ವರುಷಕ್ಕೆ ಸುಮಾರು ೪ ಲಕ್ಷ ಮಕ್ಕಳಿಗೂ ಹದಿಹರೆಯದವರಿಗೂ ಕ್ಯಾನ್ಸರು ಉಂಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಎಣಿಸಿದ್ದಾರೆ. ಇವರಲ್ಲಿ ಎಲ್ಲಾ ಜನಾಂಗದವರೂ ಎಲ್ಲಾ ಮತದವರೂ ಇದ್ದಾರೆ. ಮನೆದೇವರನ್ನು ಎಂದಿಗೂ ಬಿಡದವರ ಮಕ್ಕಳಿಗೂ ಇದು ಬರುತ್ತದೆ. ಭಾನುವಾರದ ಆರಾಧನೆಯನ್ನು ಒಂದು ಸಾರಿಯೂ ತಪ್ಪಿಸದವರ ಮಕ್ಕಳಿಗೂ ಬರುತ್ತದೆ. ಹುಟ್ಟುಕುರುಡನ ವಿಷಯವಾಗಿ ಶಿಷ್ಯರು, ಪಾಪಮಾಡಿದವನು ಇವನೋ ಇವನ ತಾಯಿತಂದೆಗಳೋ ಎಂದು ವಿಚಾರಿಸಿದಾಗ ಕರ್ತನು ಎರಡನ್ನೂ ಅಲ್ಲಗಳೆದನು. ಸಿಲೋವದ ಗೋಪುರವು ಬಿದ್ದು ಸತ್ತವರು ಮಿಕ್ಕವರಿಗಿಂತ ಹೆಚ್ಚು ಪಾಪಿಗಳಲ್ಲವೆಂದೂ ಆತನೇ ತಿಳಿಸಿದನು. ಕರ್ತನು ಹೇಳಲೊಲ್ಲದ್ದನ್ನು ನಾವು ರೋಗಿಯ ಹಾಸಿಗೆಯ ಬಳಿಯಲ್ಲಿ ನಿಂತು ಹೇಳಬಹುದೋ? ಯೋಬನ ಸ್ನೇಹಿತರು ಏಳು ದಿವಸ ಬಾಯಿಮುಚ್ಚಿ ಅವನ ಸಂಗಡ ನೆಲದ ಮೇಲೆ ಕೂತಿದ್ದಾಗ ಒಳ್ಳೇ ಸ್ನೇಹಿತರಾಗಿದ್ದರು. ಕಾರಣವನ್ನು ವಿವರಿಸುವದಕ್ಕೆ ಬಾಯಿ ತೆರೆದಾಗಲೇ ಕೆಟ್ಟರು.

ಔಷಧವನ್ನು ತಕ್ಕೊಳ್ಳುವದು ಅಪನಂಬಿಕೆಯೋ ಎಂಬದನ್ನು ಇನ್ನು ವಿಚಾರಿಸೋಣ. ಅರಸನಾದ ಹಿಜ್ಕೀಯನು ಅತ್ತು ಪ್ರಾರ್ಥಿಸಲು ದೇವರು ಅವನ ಆಯುಷ್ಯಕ್ಕೆ ೧೫ ವರುಷಗಳನ್ನು ಕೂಡಿಸಿದನು. ಆದರೂ ಪ್ರವಾದಿಯಾದ ಯೆಶಾಯನು ಅಂಜೂರದ ಹಣ್ಣಿನ ಉಂಡೆಯನ್ನು ತರಿಸಿ ಹುಣ್ಣಿನ ಮೇಲೆ ಹಾಕಿಸಿದನು. ವಾಗ್ದಾನವು ಸಿಕ್ಕಿದ ಮೇಲೂ ಔಷಧವು ಬೇಕಾಯಿತು. ಒಳ್ಳೇ ಸಮಾರ್ಯದವನು ಗಾಯಪಟ್ಟವನ ಬಳಿಯಲ್ಲಿ ಪ್ರಸಂಗ ಮಾಡದೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದನು. ಲೂಕನು ವೈದ್ಯನಾಗಿದ್ದನು. ನಮ್ಮ ದೇಶಕ್ಕೆ ಸುವಾರ್ತೆಯನ್ನು ತಂದವರು ಸತ್ಯವೇದದ ಜೊತೆಯಲ್ಲಿ ಔಷಧದ ಪೆಟ್ಟಿಗೆಯನ್ನೂ ತಂದರು. ವೇಲೂರಿನಲ್ಲಿ ೧೯೦೦ರಲ್ಲಿ ಐಡಾ ಸ್ಕಡ್ಡರ್ ಅಮ್ಮನವರು ವೈದ್ಯಸೇವೆಯನ್ನು ಆರಂಭಿಸಿದರು. ಮೈಸೂರಿನಲ್ಲಿ ೧೯೦೬ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆಯೂ ಉಡುಪಿಯಲ್ಲಿ ೧೯೨೩ರಲ್ಲಿ ಲೊಂಬಾರ್ಡ್ ಆಸ್ಪತ್ರೆಯೂ ಮಿಶನಿನ ಕೆಲಸದಿಂದ ಉಂಟಾದವು. ಔಷಧವು ಅಪನಂಬಿಕೆಯಾಗಿದ್ದರೆ ಇವರೆಲ್ಲರೂ ಅಪನಂಬಿಕೆಯನ್ನು ಸಾರಿದರೆಂದು ಹೇಳಬೇಕಾದೀತು.

ಈ ವ್ಯಾಧಿಯ ಔಷಧದ ಚರಿತ್ರೆಯೂ ತಿಳಿಯತಕ್ಕದ್ದಾಗಿದೆ. ನಮ್ಮ ನೆರೆಯ ತೆಲುಗು ದೇಶದ ಭೀಮವರಂ ಎಂಬ ಊರಲ್ಲಿ ೧೮೯೫ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬಾರಾವ್ ಎಂಬವರು ವ್ಯಾಧಿಯಿಂದ ತಮ್ಮ ಸಹೋದರರನ್ನು ಕಳಕೊಂಡವರು. ಅವರು ಮದರಾಸಿನಲ್ಲಿ ವೈದ್ಯವನ್ನು ಕಲಿತು ಅಮೇರಿಕಕ್ಕೆ ಹೋಗಿ ಅಲ್ಲಿ ಔಷಧಗಳ ಶೋಧನೆಯಲ್ಲಿ ಜೀವ ಸವೆಸಿದರು. ಅವರ ಕೈಕೆಳಗಿನ ಶೋಧಕರು ಸಿದ್ಧಪಡಿಸಿದ ಒಂದು ಔಷಧವನ್ನು ಬೋಸ್ಟನ್ ಪಟ್ಟಣದ ಸಿಡ್ನಿ ಫಾರ್ಬರ್ ಎಂಬ ವೈದ್ಯರು ರಕ್ತದ ಕ್ಯಾನ್ಸರಾದ ೧೬ ಮಕ್ಕಳಿಗೆ ಕೊಟ್ಟು, ೧೦ ಮಕ್ಕಳಲ್ಲಿ ಸುಧಾರಣೆ ಕಂಡಿತೆಂದು ೧೯೪೮ರಲ್ಲಿ ಪ್ರಕಟಿಸಿದರು. ಆ ಸುಧಾರಣೆಯು ಕೆಲವು ಕಾಲ ಮಾತ್ರ ನಿಂತಿತು. ಸುಬ್ಬಾರಾಯರು ಅದೇ ವರುಷ ತೀರಿಹೋದರು. ತರುವಾಯ ೧೯೬೦ರ ದಶಕದಲ್ಲಿ ನಮ್ಮ ಅಂಗಳಗಳಲ್ಲಿಯೂ ಬೆಳೆಯುವ ಕಾಶಿಕಣಗಿಲೆ ಎಂಬ ನಿತ್ಯಪುಷ್ಪದ ಗಿಡದಿಂದ ತೆಗೆದ ಔಷಧವು ಬಳಕೆಗೆ ಬಂತು. (ಆ ಎಲೆಯನ್ನು ಮನೆಯಲ್ಲಿ ಅರೆದು ಕುಡಿಸುವದು ಅಪಾಯ; ವೈದ್ಯರು ಅದರ ಸಾರವನ್ನು ಶುದ್ಧಮಾಡಿ ತೂಕದಿಂದ ಕೊಡುತ್ತಾರೆ.) ಹೀಗೆ ಒಂದೊಂದಾಗಿ ಔಷಧಗಳು ಕೂಡಿ, ಹಿಂದೆ ಕೆಲವು ತಿಂಗಳಲ್ಲಿ ಸಾಯುತ್ತಿದ್ದ ಮಕ್ಕಳಲ್ಲಿ ಬಹು ಮಂದಿ ಇಂದು ಬೆಳೆದು ದೊಡ್ಡವರಾಗುತ್ತಾರೆ. ಅಂಗಳದ ಗಿಡದೊಳಗೆ ಗುಣವನ್ನಿಟ್ಟವನೂ ಅದನ್ನು ಹುಡುಕುವ ಬುದ್ಧಿಯನ್ನು ಕೊಟ್ಟವನೂ ದೇವರಲ್ಲದೆ ಮತ್ತಾರು?

ಆದರೆ ನಂಬಿಕೆಗೆ ದೊಡ್ಡ ಶೋಧನೆಯು ಬರುವದು ಮೊದಲನೆಯ ದಿವಸದಲ್ಲಲ್ಲ, ಮೊದಲನೆಯ ತಿಂಗಳು ಕಳೆದ ಮೇಲೆ. ಹೇಗಂದರೆ, ಈ ರಕ್ತದ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವ ಜಾತಿಗೆ ನಾಲ್ಕೈದು ವಾರಗಳ ಔಷಧದಿಂದಲೇ ಹೆಚ್ಚಿನ ಮಕ್ಕಳ ರಕ್ತವು ಶುದ್ಧವಾಗಿ ತೋರುತ್ತದೆ. ಮಗುವು ಎದ್ದು ಆಡುತ್ತದೆ, ಊಟ ಕೇಳುತ್ತದೆ. ಆಗ ಯಾರಾದರೂ ಬಂದು, "ಸ್ವಾಮಿಯು ಪೂರ್ಣವಾಗಿ ಗುಣಮಾಡಿದ್ದಾನೆ, ಸಭೆಯಲ್ಲಿ ಸಾಕ್ಷಿ ಹೇಳಿರಿ, ಇನ್ನು ಮದ್ದನ್ನು ಕೊಟ್ಟರೆ ಆತನನ್ನು ಸಂಶಯಪಟ್ಟಂತೆ" ಅನ್ನುವರು. ಸಾಲದಲ್ಲಿ ಮುಳುಗಿ ದಾರಿಯಲ್ಲಿ ಬಳಲಿದ ತಾಯಿತಂದೆಗಳಿಗೆ ಈ ಮಾತು ಜೇನಿನಂತಿರುವದು. ಆದರೆ ಇದು ಮಗುವನ್ನು ಕೊಲ್ಲುವ ಮಾತು. ಹೊಲವನ್ನು ಹೊಡೆದು ಗರಿಕೆಯನ್ನು ಆರಿಸಿದವನು ಮೇಲಣ ನೆಲವು ಸ್ವಚ್ಛವಾಯಿತೆಂದು ಸುಮ್ಮನಾಗುವನೋ? ಒಂದು ಬೇರಿನ ಗೆಣ್ಣು ಉಳಿದರೂ ಮಳೆ ಬಿದ್ದ ಮೇಲೆ ಹೊಲವೆಲ್ಲಾ ಗರಿಕೆಯೇ ಆಗುವದೆಂದು ರೈತನು ಬಲ್ಲನು. ಅದೇ ಪ್ರಕಾರ ಸೂಕ್ಷ್ಮದರ್ಶಕಕ್ಕೂ ಕಾಣದ ಕೆಟ್ಟ ಕಣಗಳು ಮಜ್ಜೆಯಲ್ಲಿ ಉಳಿದಿರುತ್ತವೆ. ಆದಕಾರಣ ಚಿಕಿತ್ಸೆಯು ಎರಡರಿಂದ ಮೂರು ವರುಷ ನಡೆಯಬೇಕು. ನಡುವೆ ಬಿಟ್ಟರೆ ವ್ಯಾಧಿಯು ತಿರಿಗಿ ಬರುವದು, ಬಂದದ್ದು ಮೊದಲಿಗಿಂತ ಕಠಿಣವಾಗಿರುವದು.

ಈಗ ಆ ಬೇರು ಯಾವದೆಂದು ಹೇಳುವೆವು. ಮುನಿಸನ್ನು ತೀರಿಸಿರಿ ಅನ್ನುವವನೂ, ಪಾಪವನ್ನು ಹುಡುಕಿರಿ ಅನ್ನುವವನೂ, ಮದ್ದನ್ನು ಬಿಟ್ಟು ನಂಬಿಕೆಯನ್ನು ತೋರಿಸಿರಿ ಅನ್ನುವವನೂ ದೇವರನ್ನು ಸಂತೆಯ ವ್ಯಾಪಾರಿಯಾಗಿ ಎಣಿಸುತ್ತಾರೆ. ನಾವು ಇಷ್ಟು ಕೊಟ್ಟರೆ ಆತನು ಇಷ್ಟು ಕೊಡಬೇಕು ಎಂಬುವದೇ ಆ ಬೇರು. ಅದರ ಹೆಸರು ಹರಕೆ. ಹರಕೆಯಲ್ಲಿ ಒಬ್ಬನು ಕೋಳಿಯನ್ನು ಕೊಡುವನು, ಮತ್ತೊಬ್ಬನು ತಲೆಗೂದಲನ್ನು ಕೊಡುವನು. ನಾವು ಅವೆಲ್ಲವನ್ನೂ ಬಿಟ್ಟೆವೆಂದು ಹೇಳಿಕೊಂಡು ಅವುಗಳ ಸ್ಥಳದಲ್ಲಿ ನಂಬಿಕೆಯನ್ನೇ ಇಟ್ಟು ಬೆಲೆ ಕಟ್ಟಿದರೆ ಬಿಟ್ಟದ್ದೇನು? ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುವ ಪ್ರಕಾರ, ಐಶ್ವರ್ಯವುಳ್ಳ ದೇಶಗಳಲ್ಲಿ ಕ್ಯಾನ್ಸರಾದ ಮಕ್ಕಳೊಳಗೆ ನೂರಕ್ಕೆ ೮೦ಕ್ಕಿಂತ ಹೆಚ್ಚು ಮಂದಿ ಗುಣಹೊಂದುತ್ತಾರೆ. ಅನೇಕ ಬಡ ದೇಶಗಳಲ್ಲಿ ೩೦ಕ್ಕಿಂತ ಕಡಿಮೆ. ನಂಬಿಕೆಯು ಗುಣದ ಬೆಲೆಯಾಗಿದ್ದರೆ ಐಶ್ವರ್ಯವಂತರ ನಂಬಿಕೆಯೇ ದೊಡ್ಡದೆಂದು ಒಪ್ಪಬೇಕಾಗುವದು. ಹಾಗಲ್ಲ, ರೋಗವನ್ನು ತಡವಾಗಿ ತಿಳಿಯುವದು, ಔಷಧವು ಸಿಕ್ಕದಿರುವದು, ಚಿಕಿತ್ಸೆಯನ್ನು ನಡುವೆ ಬಿಡುವದು, ಇವುಗಳೇ ಆ ಭೇದಕ್ಕೆ ಕಾರಣಗಳು. ನಂಬಿಕೆಯು ಬೆಲೆಯಲ್ಲ. ತಾಯಿಯ ತೋಳಿನಲ್ಲಿರುವ ಕೂಸು ತಾಯಿಗೆ ಏನನ್ನೂ ಕೊಡುವದಿಲ್ಲ. ಆದರೂ ಆ ತೋಳನ್ನು ಬಿಡುವದಿಲ್ಲ. ನಂಬಿಕೆಯೆಂದರೆ ಅದೇ.

ಹಾಗಾದರೆ ಪ್ರಾರ್ಥನೆಯಿಂದ ಪ್ರಯೋಜನವೇನು ಎಂದು ಒಬ್ಬನು ಕೇಳಾನು. ಈ ಪ್ರಶ್ನೆಯನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಗುಣಕ್ಕಾಗಿ ಧೈರ್ಯದಿಂದ ಬೇಡಿಕೊಳ್ಳತಕ್ಕದ್ದು. ತಂದೆಯಲ್ಲಿ ಕೇಳುವದು ಮಕ್ಕಳ ಹಕ್ಕು. ಆದರೆ ಕೇಳಿದ್ದು ಸಿಕ್ಕದಿದ್ದಾಗ ನಂಬಿಕೆಯು ಸಣ್ಣದಾಗಿತ್ತೆಂದು ತೀರ್ಪುಮಾಡಕೂಡದು. ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿಯು ಆ ಪಾತ್ರೆಯು ತನ್ನಿಂದ ತೊಲಗಬೇಕೆಂದು ಬೆವರಿ ಬೇಡಿಕೊಂಡನು, ಅದು ತೊಲಗಲಿಲ್ಲ. ಆತನ ನಂಬಿಕೆಯು ಕಡಿಮೆಯಾಗಿತ್ತೋ? ಪೌಲನು ತನ್ನ ಶರೀರದ ಮುಳ್ಳಿನ ವಿಷಯವಾಗಿ ಮೂರು ಸಾರಿ ಬೇಡಿಕೊಂಡನು, ಅದೂ ಹೋಗಲಿಲ್ಲ. ಎಲ್ಲಾ ಚಿಕಿತ್ಸೆಯನ್ನು ಮಾಡಿಸಿದರೂ ಎಲ್ಲಾ ಪ್ರಾರ್ಥನೆಯನ್ನು ಮಾಡಿದರೂ ಕೆಲವು ಮಕ್ಕಳು ಉಳಿಯುವದಿಲ್ಲ. ಯಾಕೆ ಉಳಿಯಲಿಲ್ಲವೆಂಬದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಇದೆಯೆಂದು ನಟಿಸುವವನು ದುಃಖವುಳ್ಳವರನ್ನು ಎರಡನೆಯ ಸಾರಿ ಹೊಡೆಯುತ್ತಾನೆ. ಕೂಸನ್ನು ಮಣ್ಣಿಗೆ ಒಪ್ಪಿಸಿದ ತಾಯಿಯು ಅಳಲಿ, ದೇವರನ್ನು ಕೇಳಲಿ. ಕೀರ್ತನೆಗಳನ್ನು ಬರೆದವರು ದೇವರನ್ನು ಕೇಳಿದರು. ಆತನು ಅವರನ್ನು ತಳ್ಳಿಬಿಡಲಿಲ್ಲ. ತನ್ನ ಕುಮಾರನ ಮರಣವನ್ನು ಕಂಡ ತಂದೆಯು ಆಕೆಯ ಬಳಿಯಲ್ಲಿದ್ದಾನೆ. ಪ್ರಾರ್ಥನೆಯ ಮೊದಲನೆಯ ಫಲವು ಇದೇ; ಗುಣವಾದರೂ ಆಗದಿದ್ದರೂ ಇದು ತಪ್ಪದು.

ಇನ್ನು ಸಭೆಯ ಕರ್ತವ್ಯವನ್ನು ಹೇಳಿ ಮುಗಿಸುವೆವು. ಪಾರ್ಶ್ವವಾಯುವಿನವನನ್ನು ನಾಲ್ವರು ಹೊತ್ತು, ಮಾಳಿಗೆಯನ್ನು ತೆಗೆದು ಇಳಿಸಿದಾಗ ಕರ್ತನು ಹೊತ್ತವರ ನಂಬಿಕೆಯನ್ನು ನೋಡಿದನು. ಮಗುವಿನ ಮನೆಯವರು ಬಳಲಿ ಪ್ರಾರ್ಥಿಸಲಾರದೆ ಹೋದರೆ ಸಭೆಯು ಅವರಿಗಾಗಿ ನಂಬಲಿ. ಚಳ್ಳಕೆರೆಯಿಂದ ಬೆಂಗಳೂರಿಗೆ ಸುಮಾರು ೨೦೦ ಕಿಲೋಮೀಟರ್ ದಾರಿ. ಅಲ್ಲಿ ೧೯೭೩ರಲ್ಲಿ ಸ್ಥಾಪಿತವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯು ಬಡವರಿಗೂ ತೆರೆದಿದೆ. ೨೦೧೮ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಚೀಟಿಯ ಕುಟುಂಬಕ್ಕೆ ವರುಷಕ್ಕೆ ೫ ಲಕ್ಷ ರೂಪಾಯಿಗಳ ವರೆಗೆ ಚಿಕಿತ್ಸೆಯ ಸಹಾಯವುಂಟು. ಆದರೆ ಬಸ್ಸಿನ ಚಾರ್ಜು, ತಪ್ಪಿದ ಕೂಲಿ, ಮನೆಯಲ್ಲಿ ಉಳಿದ ಮಕ್ಕಳ ಊಟ, ಮೇವಿಲ್ಲದ ಕುರಿಗಳು, ಇವೆಲ್ಲವನ್ನು ಯಾವ ಚೀಟಿಯೂ ನೋಡುವದಿಲ್ಲ. ಇವು ನಮ್ಮ ಪಾಲಿನ ಹೊರೆ. ಕಾಗದಪತ್ರಗಳನ್ನು ಓದಬಲ್ಲ ಒಬ್ಬನು ಅವರ ಸಂಗಡ ಹೋಗಲಿ. ಯೌವನಸ್ಥರು ರಕ್ತವನ್ನು ದಾನಮಾಡಲಿ. ಈ ಔಷಧಗಳು ಮಗುವಿನ ರೋಗ ತಡೆಯುವ ಶಕ್ತಿಯನ್ನು ಕುಗ್ಗಿಸುವದರಿಂದ ಮಗುವಿನ ಮೇಲೆ ಕೈಯಿಡುವದಕ್ಕೆ ಮನೆತುಂಬ ಜನರು ಸೇರದೆ, ಕೆಮ್ಮು ನೆಗಡಿಯುಳ್ಳವರು ಹೊರಗೆ ನಿಂತು ಪ್ರಾರ್ಥಿಸಲಿ. ಹತ್ತಿರ ಹೋಗುವವರು ಸೋಪಿನಿಂದ ಕೈತೊಳೆಯಲಿ. ಚಿಕಿತ್ಸೆಯ ಕಾಲದಲ್ಲಿ ಮಗುವಿಗೆ ಜ್ವರ ಬಂದರೆ, ಅರ್ಧರಾತ್ರಿಯಾದರೂ ಬೆಳಗಾಗುವ ತನಕ ಕಾಯದೆ ಆಸ್ಪತ್ರೆಗೆ ಸೇರಿಸುವದಕ್ಕೆ ಗಾಡಿಯುಳ್ಳವನು ಸಿದ್ಧನಾಗಿರಲಿ. ಸಾಕ್ಷಿ ಹೇಳಬೇಕೆಂದು ಇಷ್ಟವುಳ್ಳವರು ವೈದ್ಯರು ಔಷಧವನ್ನು ನಿಲ್ಲಿಸುವ ದಿವಸದ ವರೆಗೆ ದಿನದಿನದ ಕೃಪೆಗಾಗಿ ಸ್ತೋತ್ರ ಹೇಳಲಿ. ಅದೂ ಸತ್ಯವಾದ ಸಾಕ್ಷಿಯೇ.

ಯಾಯೀರನ ಮಗಳು ಎದ್ದಾಗ ಕರ್ತನು ಜನರಿಗೆ ಹೇಳಿದ್ದು, ಆಕೆಗೆ ಊಟಕ್ಕೆ ಕೊಡಬೇಕೆಂಬದೇ. ಪ್ರಾಣವನ್ನು ಕೊಡುವದು ಆತನ ಕೆಲಸ, ಊಟವನ್ನು ಬಡಿಸುವದು ನಮ್ಮದು. ನಮ್ಮ ಸಭೆಗಳಲ್ಲಿ ಯಾವ ಕೂಸಾದರೂ ಈ ದಾರಿಯಲ್ಲಿ ನಡೆಯಬೇಕಾದರೆ, ಅದರ ತಾಯಿತಂದೆಗಳು ಒಂಟಿಯಾಗಿ ನಡೆಯದಂತೆ ನಮ್ಮನ್ನು ಎಬ್ಬಿಸಲೆಂದು ಕೃಪಾಳುವಾದ ದೇವರನ್ನು ಬೇಡಿಕೊಳ್ಳೋಣ.