ಹೆದರಿಕೆ ಯಾರದು?

ಅಕ್ಕನಿಗೆ ಸ್ತನ ಕ್ಯಾನ್ಸರಿನ ಆಪರೇಶನ್ ಆಗಿ ಹದಿನೆಂಟು ದಿನ ಕಳೆದಿದ್ದವು. ಹೊಲಿಗೆ ಒಣಗಿತ್ತು, ಡ್ರೈನ್ ಕೊಳವೆಯನ್ನೂ ತೆಗೆದಿದ್ದರು. ಆದರೂ ಡೊಂಬಿವಲಿಯ ನಮ್ಮ ಮನೆಯಲ್ಲಿ ಅವಳು ಬಲಗೈಯನ್ನು ಎದೆಗೆ ಅಂಟಿಸಿ, ಸೆರಗಿನೊಳಗೆ ಮುಚ್ಚಿಕೊಂಡೇ ಕೂತಿರುತ್ತಿದ್ದಳು. ಗದಗಿನ ಕಡೆಯ ನಮ್ಮೂರಲ್ಲಿ ದಿನಕ್ಕೆ ಮೂವತ್ತು ರೊಟ್ಟಿ ಬಡಿಯುತ್ತಿದ್ದ ಕೈ ಅದು. ಕೇಳಿದರೆ, "ಎತ್ತಿದ್ರ ಒಳಗ ಏನೋ ಹರದಂಗ ಆಗತೈತಿ ತಮ್ಮಾ" ಅನ್ನುತ್ತಿದ್ದಳು.

ನಾನು ಎತ್ತಲು ಬಿಡಲೂ ಇಲ್ಲ. ನೀರಿನ ಲೋಟ ನಾನೇ ಕೊಡುತ್ತಿದ್ದೆ, ತಲೆ ಬಾಚುವುದು ಹೆಂಡತಿಯ ಪಾಲು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಹೇಳಿದ್ದು ಇಷ್ಟೇ: ಬಲಗೈ ಜೋಪಾನ, ಭಾರ ಎತ್ತಬೇಡಿ, ಆ ಕೈಗೆ ಸೂಜಿ ಚುಚ್ಚಿಸಬೇಡಿ. ನಾವು ಆ "ಜೋಪಾನ"ವನ್ನು ಪೂಜೆಯ ಹಾಗೆ ಪಾಲಿಸಿದೆವು.

ಈ ಹೆದರಿಕೆಗೆ ಕೈನೆಸಿಯೋಫೋಬಿಯಾ ಎಂಬ ಹೆಸರೇ ಇದೆ. ಗ್ರೀಕ್ ಮೂಲದ ಮಾತು, ಚಲನೆಯ ಭಯ ಎಂದರ್ಥ. 1990ರ ದಶಕದ ಮೊದಲಲ್ಲಿ ಅದನ್ನು ಅಳೆಯಲು ಟ್ಯಾಂಪಾ ಮಾಪಕ ಎಂಬ ಪ್ರಶ್ನಾವಳಿಯೂ ಬಂತು. ಅದರಲ್ಲಿ 17 ಹೇಳಿಕೆಗಳು, ಕನಿಷ್ಠ ಅಂಕ 17, ಗರಿಷ್ಠ 68. ಮೊದಲು ಅದು ಬೆನ್ನುನೋವಿನಂಥ ದೀರ್ಘಕಾಲದ ನೋವಿನವರಿಗಾಗಿ ಬಂದದ್ದು. ಅದರ ಹಿಂದಿನ ತರ್ಕ ಸರಳ. ನೋವು ಬಂದರೆ ಅಪಾಯ ಎಂದುಕೊಳ್ಳುತ್ತೇವೆ, ಹಾಗಾಗಿ ಅಲುಗಾಡುವುದನ್ನು ಬಿಡುತ್ತೇವೆ. ಅಲುಗಾಡದ ಕೀಲು ಬಿಗಿಯುತ್ತದೆ. ಬಿಗಿದ ಕೀಲನ್ನು ಎತ್ತಿದಾಗ ನಿಜವಾಗಿಯೂ ಹೆಚ್ಚು ನೋಯುತ್ತದೆ, ನೋಡು, ನಾ ಹೇಳಲಿಲ್ಲವಾ ಎಂದು ಭಯ ಗೆದ್ದುಬಿಡುತ್ತದೆ.

ಇದನ್ನು ಓದಿದ ಕೂಡಲೇ ಭಯವನ್ನು ಬರೀ ಭ್ರಮೆ ಎನ್ನುವುದು ಸುಲಭ. ಭ್ರಮೆಯಲ್ಲ. 1894ರಲ್ಲಿ ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಪ್ರಕಟಿಸಿದ ವಿಧಾನದಲ್ಲಿ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ತೆಗೆಯುತ್ತಿದ್ದರು. ದಶಕಗಳ ಕಾಲ ಜಗತ್ತಿನಲ್ಲೆಲ್ಲ ಅದೇ ನಡೆಯಿತು. ಇಂದಿನ ಆಪರೇಶನ್ ಅಷ್ಟು ಕ್ರೂರವಲ್ಲ, ಆದರೂ ಕಂಕುಳಿನ ಗ್ರಂಥಿಗಳನ್ನು ತೆಗೆದರೆ ಕೈ ಬಾವು ಬರುವ ಸಂಭವ ಉಂಟು. ಕಂಕುಳಿಂದ ತೋಳಿನವರೆಗೆ ಚರ್ಮದಡಿಯಲ್ಲಿ ತಂತಿಯಂತೆ ಬಿಗಿಯುವುದೂ ಉಂಟು. ಅಕ್ಕನ "ಹರದಂಗ ಆಗತೈತಿ" ಬಹುಶಃ ಅದೇ. ಇಂಥವಳಿಗೆ "ಧೈರ್ಯ ತಂದುಕೋ" ಎನ್ನುವ ಬಂಧುಗಳನ್ನು ಕಂಡರೆ ನನಗೆ ಈಗಲೂ ಸಿಟ್ಟು.

ಫಿಸಿಯೋಥೆರಪಿಸ್ಟ್ ಒಬ್ಬ ಮರಾಠಿ ಹುಡುಗಿ. ಅಕ್ಕನಿಗೆ ಮರಾಠಿ ಬಾರದು, ನಾನೇ ದುಭಾಷಿ. ಅವಳು ಮೊದಲು ಹೇಳಿದ ಸುದ್ದಿಯೇ ನಮಗೆ ಹೊಸದು. ರೇಡಿಯೇಶನ್ ಕೊಡುವಾಗ ಕೈಯನ್ನು ತಲೆಯ ಮೇಲಕ್ಕೆ ಎತ್ತಿಟ್ಟು, ಅಲುಗದೆ ಮಲಗಿರಬೇಕು. ಭುಜ ಬಿಗಿದಿದ್ದರೆ ಆ ಭಂಗಿಯೇ ಆಗದು. ನಮ್ಮ ಕೈಯಲ್ಲಿದ್ದದ್ದು ಮೂರು ವಾರ.

ಅಕ್ಕನನ್ನು ಗೋಡೆಯ ಮುಂದೆ ನಿಲ್ಲಿಸಿ, ಬೆರಳುಗಳನ್ನು ಜೇಡದ ಹಾಗೆ ಮೇಲಕ್ಕೆ ಹತ್ತಿಸಲು ಹೇಳಿದಳು. ಭುಜದ ಮಟ್ಟಕ್ಕೆ ಬರುವಷ್ಟರಲ್ಲಿ ಅಕ್ಕನ ಹಣೆ ಬೆವರಿತು. "ಅಜೂನ್ ಥೋಡಂ" ಅಂದಳು ಹುಡುಗಿ, ಇನ್ನೂ ಸ್ವಲ್ಪ ಎಂದು. ನಾನು ಅನುವಾದಿಸಿದೆ: "ಸಾಕಂತ ಅಕ್ಕಾ."

ಅಕ್ಕ ಕೈ ಇಳಿಸಿದಳು. ಮತ್ತೆರಡು ಸಲ ಹೀಗೇ ಆಯಿತು. ಹುಡುಗಿ ನನ್ನ ಕಡೆ ತಿರುಗಿ, ನೀವು ಅವರಿಗೆ ಏನು ಹೇಳಿದಿರಿ ಎಂದು ಕೇಳಿದಳು. ಸುಳ್ಳು ಹೇಳಲು ಆಗಲಿಲ್ಲ. ನನ್ನನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡಳು.

ಹೊರಗಿನ ಬೆಂಚಿನ ಮೇಲೆ ಕೂತು ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಪ್ರಾಜೆಕ್ಟುಗಳಲ್ಲಿ ರಿಸ್ಕ್ ರಿಜಿಸ್ಟರ್ ಇರುತ್ತದೆ. ಪ್ರತಿ ಅಪಾಯದ ಮುಂದೆ ಓನರ್ ಎಂಬ ಒಂದು ಕಾಲಂ. ಅಕ್ಕನ ಕೈಯ ಮುಂದೆ ಆ ಕಾಲಮಿನಲ್ಲಿ ನಾನು ಯಾರನ್ನೂ ಕೇಳದೆ ನನ್ನ ಹೆಸರು ಬರೆದುಕೊಂಡಿದ್ದೆ. ಅವಳ ಮುಖ ಸಣ್ಣಗಾದರೆ ನನಗೆ ನೋಡಲಾಗದು. ಅದು ನನ್ನ ನೋವು. ಅದನ್ನು ತಪ್ಪಿಸಿಕೊಳ್ಳಲು ಅವಳ ಭುಜವನ್ನು ಬೆಲೆಯಾಗಿ ಕೊಡುತ್ತಿದ್ದೆ, ಮೇಲಾಗಿ ಅದಕ್ಕೆ ಪ್ರೀತಿ ಎಂಬ ಹೆಸರು.

ಹಾಗಾದರೆ ಒತ್ತಾಯಿಸುವುದು ಸರಿಯೇ? ಅದೂ ಅಲ್ಲ. ನೋವು ತಿಂದರೇ ಗುಣ ಎನ್ನುವ ಜಿಮ್ ಮಾಸ್ತರಿಕೆಯನ್ನು ನಾನು ನಂಬುವುದಿಲ್ಲ. ಬಾವು, ಕೆಂಪು, ಜ್ವರ ಕಂಡರೆ ವ್ಯಾಯಾಮ ನಿಲ್ಲಿಸಿ ಡಾಕ್ಟರ ಹತ್ತಿರ ಓಡಬೇಕು. ಅಕ್ಕ "ಒಲ್ಲೆ" ಎನ್ನುವ ಹಕ್ಕನ್ನು ಯಾರೂ ಕಸಿಯಬಾರದು. ಆದರೆ ಆ "ಒಲ್ಲೆ"ಗೆ ಪೂರ್ತಿ ಮಾಹಿತಿ ಬೇಕು. ರೇಡಿಯೇಶನ್ನಿಗೆ ಕೈ ಎತ್ತಲೇಬೇಕು ಎಂಬುದೇ ಗೊತ್ತಿಲ್ಲದವಳು ಒಲ್ಲೆ ಅಂದರೆ ಅದು ಅವಳ ನಿರ್ಧಾರ ಹೇಗಾದೀತು? ಜೋಪಾನದ ಆಚೆಗೂ ವಿಜ್ಞಾನ ಸಾಗಿದೆ. ಕೈ ಬಾವು ಇದ್ದ ಹೆಂಗಸರು ನಿಧಾನವಾಗಿ ಏರಿಸುತ್ತ ಭಾರ ಎತ್ತಿದರೂ ಬಾವು ಹೆಚ್ಚಲಿಲ್ಲವೆಂದು 2009ರಲ್ಲಿ ಅಮೆರಿಕದ ಅಧ್ಯಯನ ತೋರಿಸಿತು. ಭುಜದ ತೊಂದರೆಯ ಸಂಭವ ಹೆಚ್ಚಿದ್ದ 392 ಹೆಂಗಸರ ಮೇಲೆ ಬ್ರಿಟನ್ನಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಫಿಸಿಯೋ ನೆರವಿನ ವ್ಯಾಯಾಮ ಶುರುಮಾಡಿದವರ ಕೈ ವರ್ಷದ ನಂತರ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಇಷ್ಟಾಗಿಯೂ ನಮಗೆ ಮನೆ ಇತ್ತು, ಮತ್ತೆ ಮತ್ತೆ ಹೋಗಲು ರಿಕ್ಷಾ ಇತ್ತು. ಪರೇಲಿನಲ್ಲಿ 1941ರಿಂದ ನಡೆಯುತ್ತಿರುವ ಟಾಟಾ ಆಸ್ಪತ್ರೆಯ ಸುತ್ತಲಿನ ಫುಟ್‌ಪಾತಿನಲ್ಲಿ ದೂರದೂರದ ಊರವರು ಚಾಪೆ ಹಾಸಿ ಮಲಗುವುದನ್ನು ಮುಂಬಯಿಯವರೆಲ್ಲ ನೋಡಿದ್ದೇವೆ. ಕೈ ಎತ್ತಿ ಅಭ್ಯಾಸ ಮಾಡಲು ಅವರಿಗೆ ಗೋಡೆ ಯಾವುದು, ಮರೆ ಯಾವುದು?

ಅರ್ಧ ಗಂಟೆಯ ಮೇಲೆ ಬಾಗಿಲು ತೆರೆಯಿತು. ಭಾಷೆಯಿಲ್ಲದೆ ಅವರಿಬ್ಬರೂ ಹೇಗೋ ನಿಭಾಯಿಸಿದ್ದರು. ಗೋಡೆಯ ಮೇಲೆ ಪೆನ್ಸಿಲಿನ ಎರಡು ಗೆರೆ, ಮೇಲಿನದು ಕಿವಿಯ ಮಟ್ಟಕ್ಕೆ. "ನೀ ಒಳಗ ಬರಬ್ಯಾಡ ಇನ್ನ, ನೀ ಇದ್ರ ನನಗ ಹೆಚ್ಚ ಅಂಜಿಕಿ" ಅಂದಳು ಅಕ್ಕ. ಗದರಿದ್ದಲ್ಲ, ಹಾಗೇ ಸುಮ್ಮನೆ.

ನಮ್ಮ ಬಾಲ್ಕನಿಯಲ್ಲಿ, ಮುಂಬಯಿಯ ಬಹಳ ಮನೆಗಳಲ್ಲಿರುವಂತೆ, ಹಗ್ಗ ಎಳೆದರೆ ಮೇಲೇರುವ ಬಟ್ಟೆ ಸರಳುಗಳಿವೆ. ಎರಡನೇ ವಾರದ ಒಂದು ಬೆಳಿಗ್ಗೆ ಕ್ಲೈಂಟ್ ಕಾಲ್ ನಡುವೆ ರಾಟೆಯ ಕಿರುಗುಟ್ಟುವಿಕೆ ಕೇಳಿ, ಮ್ಯೂಟ್ ಮಾಡಿ ಎದ್ದು ಹೋದೆ. ಅಕ್ಕ ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದಳು. ತೂಗಿದ್ದು ಒಂದೇ ಒಂದು ಟವೆಲ್. "ಕೂಡ್ರು ಹೋಗು" ಅಂದಳು. ಅರ್ಧಕ್ಕೆ ಬಂದಾಗ ತಾನೇ ನಿಲ್ಲಿಸಿ, ಹಗ್ಗವನ್ನು ಅಲ್ಲೇ ಕೊಕ್ಕೆಗೆ ಸುತ್ತಿದಳು. ಆ ಸರಳು ಸಂಜೆಯವರೆಗೂ ಸೊಟ್ಟಗೆ ನಡುಮಧ್ಯೆ ತೂಗುತ್ತಿತ್ತು. ಬಾಲ್ಕನಿಗೆ ಹೋದಾಗಲೆಲ್ಲ ನನ್ನ ಹಣೆಗೆ ಬಡಿಯಿತು, ನಾನು ಮುಟ್ಟಲಿಲ್ಲ.