ನಾನು ಹಾಕಿದ ಸಹಿ

ಶಿರಹಟ್ಟಿ ತಾಲೂಕಿನ ನಮ್ಮೂರಲ್ಲಿ ಗರ್ಭಕೋಶಕ್ಕೆ ‘ಚೀಲ’ ಅಂತಾರೆ. ‘ಆಕಿ ಚೀಲ ತಗಿಸ್ಯಾಳ’ ಅಂದರೆ ಮುಗೀತು, ಯಾರೂ ಮುಂದೆ ಕೇಳೋದಿಲ್ಲ.

ಅವ್ವ ತೆಗೆಸಿದ್ದು 41ನೇ ವಯಸ್ಸಿಗೆ. ನಾನಾಗ ಬಿಇ ಮೂರನೇ ವರ್ಷ. ಅವಳಿಗೆ ಮುಟ್ಟು ಏರುಪೇರಾಗಿ, ಬಂದಾಗ ಹತ್ತು-ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ‘ಹಂಗೇ ಬಿಟ್ಟರೆ ಕ್ಯಾನ್ಸರ್ ಆಗಬಹುದು’ ಅಂದರು ಡಾಕ್ಟರ್. ಅವ್ವ ನನ್ನ ಕಡೆ ತಿರುಗಿ, “ನೀ ಓದಿದಾಂವ, ನೀನ ಹೇಳಪಾ” ಅಂದಳು. ನಾನು ಓದಿದ್ದು ಡೇಟಾ ಸ್ಟ್ರಕ್ಚರ್ಸ್! ಇಂಗ್ಲಿಷ್ ಫಾರ್ಮಿಗೆ ಸಹಿ ಹಾಕಿದೆ.

ಹೋದ ವರ್ಷ ಅಂಗಳದಲ್ಲಿ ಜಾರಿ ಕೈ ಮುರ್ಕೊಂಡಳು. ಗದಗಿನ ಮೂಳೆ ಡಾಕ್ಟರ್ ಕೇಳಿದರು: “ಆಗ ಅಂಡಾಶಯಾನೂ ತೆಗೆದಿದ್ರಾ?” ಅವ್ವಗೆ ಗೊತ್ತಿಲ್ಲ. ಸಹಿ ಹಾಕಿದ ನನಗೂ ಗೊತ್ತಿಲ್ಲ. ಟ್ರಂಕಿನಲ್ಲಿ ಹಳೇ ಕಾಗದ ಹುಡುಕಿದೆ. ಎರಡೂ ತೆಗೆದಿದ್ದರು.

ಮುಟ್ಟು ನಿಲ್ಲೋದು ಸಾಮಾನ್ಯವಾಗಿ ವರ್ಷಗಟ್ಟಲೆ ನಡೆಯುವ ಕೆಲಸ. ಅಂಡಾಶಯ ತೆಗೆದರೆ ಅದು ಒಂದೇ ದಿನದಲ್ಲಿ ಆಗಿಬಿಡುತ್ತದೆ. ಈಸ್ಟ್ರೋಜನ್ ಥಟ್ಟನೆ ಇಳಿದು ಮೂಳೆ ಸವೆಯುತ್ತದೆ, ಹೃದಯಕ್ಕೂ ಅಪಾಯ ಹೆಚ್ಚುತ್ತದೆ. ರಾತ್ರಿ ಮೈಯೆಲ್ಲ ಬೆಂಕಿ ಅಂತ ಅವ್ವ ಕಟ್ಟೆ ಮೇಲೆ ಕೂತಿರುತ್ತಿದ್ದಳು. ನಾವು ಅದನ್ನು ‘ಪಿತ್ತ’ ಅಂದ್ವಿ. ಆ ವಯಸ್ಸಿನ ಹೆಚ್ಚು ರಕ್ತಸ್ರಾವಕ್ಕೆ ಎಷ್ಟೋ ಸಲ ಗುಳಿಗೆ ಸಾಕು, ಇಲ್ಲವೇ ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಇದೆ. ಕ್ಯಾನ್ಸರ್ ಅನುಮಾನವಿದ್ದರೆ ಒಳಪದರದ ಚೂರು ತೆಗೆದು ಪರೀಕ್ಷೆ ಮಾಡಬಹುದಿತ್ತು. ಇದ್ಯಾವುದನ್ನೂ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವಳೇ ಒಪ್ಪಿದ್ದಳಲ್ಲ ಅಂತ ಬಹಳ ದಿನ ಸಮಾಧಾನ ಮಾಡ್ಕೊಂಡೆ. ಆದರೆ ಬೇರೆ ದಾರಿ ಇದೆ ಅಂತಲೇ ಗೊತ್ತಿಲ್ಲದವರು ಹೂಂ ಅಂದರೆ ಅದನ್ನ ಒಪ್ಪಿಗೆ ಅನ್ನೋದು ಹೆಂಗೆ? ಕಲಬುರಗಿಯ ತಾಂಡಾಗಳಲ್ಲಿ ಬೇಡದ ಆಪರೇಷನ್ ನಡೆದ ಸುದ್ದಿ 2015ರಲ್ಲಿ ಬಂದಾಗ ಅದನ್ನು ಬೇರೆಯವರ ಕಥೆ ಅಂತ ಓದಿದ್ದೆ. ಬೇಡದ ಗರ್ಭಕೋಶ ಆಪರೇಷನ್ ತಡೆಯೋ ಮಾರ್ಗಸೂಚಿ ಜಾರಿ ಮಾಡಿ ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಹೇಳಿತು.

ಮೊನ್ನೆ ಮುಂಡರಗಿಯಿಂದ ಚಿಗವ್ವ ಫೋನ್ ಮಾಡಿದ್ದಳು. ಅದೇ ಕಾಟ. “ಗುಳಿಗಿ, ತಪಾಸಣಿ ಅಂತ ಹತ್ತು ಸಲ ಅಡ್ಡಾಡಾಕ ಕೂಲಿ ಬಿಡಾಕ ಆಗತೈತೇನೋ ತಮ್ಮಾ? ಒಮ್ಮೆ ತಗಿಸಿದ್ರ ಮುಗೀತು.” ಬೆಂಗಳೂರಿನ ಏಸಿ ರೂಮಲ್ಲಿ ಕೂತು ಬೇಡ ಅನ್ನೋಕೆ ನಾಲಿಗೆ ಏಳಲಿಲ್ಲ. ರಜೆ ಹಾಕಿದೆ. ಗುರುವಾರ ಅವಳ ಜೊತೆ ಸ್ಕ್ಯಾನಿಂಗಿಗೆ ಹೋಗ್ತಿದ್ದೀನಿ. ಕೂಲಿ ದುಡ್ಡು ನಾ ಕೊಡ್ತೀನಿ ಅಂದಿದ್ದಕ್ಕೆ ಸಿಟ್ಟು ಮಾಡ್ಕೊಂಡಿದ್ದಾಳೆ.