ಸೇವೆಯೂ ಒಂದು ನಿಯಮ

ಪರದುಃಖವನ್ನು ಕಂಡು ಮನಸ್ಸು ಕರಗುವುದು ಸಹಜ. ಆದರೆ ನೆರವಿಗೆಂದು ಪರರ ಮನೆಯೊಳಗೆ ಕಾಲಿಟ್ಟವನ ಅಧಿಕಾರಕ್ಕೆ ಮಿತಿಯಿಲ್ಲವೆ? ಸದುದ್ದೇಶವೊಂದೇ ಸಾಕೆ? ದೂರದೇಶದ ಒಂದು ಘಟನೆಯನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

2005ರ ಆಗಸ್ಟ್ 29ರಂದು ‘ಕತ್ರಿನಾ’ ಚಂಡಮಾರುತವು ಅಮೆರಿಕದ ದಕ್ಷಿಣ ಕರಾವಳಿಯ ಲೂಯಿಸಿಯಾನ, ಮಿಸಿಸಿಪ್ಪಿ ರಾಜ್ಯಗಳನ್ನು ಅಪ್ಪಳಿಸಿತು. ಸಾವಿರಕ್ಕೂ ಹೆಚ್ಚು ಜನ ಮಡಿದರು. ನ್ಯೂ ಆರ್ಲಿಯನ್ಸ್ ನಗರವನ್ನು ಕಾಯಬೇಕಾಗಿದ್ದ ಒಡ್ಡುಗಳು ಒಡೆದು, ನಗರದ ಶೇಕಡಾ 80ರಷ್ಟು ಭಾಗ ಮುಳುಗಿತು; ಹಲವೆಡೆ ನೀರು ವಾರಗಟ್ಟಲೆ ನಿಂತಿತು. ಬಳಿಕ ದೇಶದ ನಾನಾ ಭಾಗಗಳಿಂದ ಸ್ವಯಂಸೇವಕರು ಬಂದರು. ಕಟ್ಟುವುದಕ್ಕೆ ಮುನ್ನ ಅವರು ಕೀಳಬೇಕಾಯಿತು. ಅಲ್ಲಿನ ಮನೆಗಳ ಚೌಕಟ್ಟು ಬಹುಮಟ್ಟಿಗೆ ಮರದ್ದು. ಒಳಗೋಡೆ ಜಿಪ್ಸಮ್ ಹಲಗೆಯದು. ನೀರುಂಡ ಹಲಗೆಗೆ ಬೂಷ್ಟು ಹಿಡಿದಿತ್ತು. ಅದನ್ನು ಕಿತ್ತು, ನೆನೆದ ಸಾಮಾನನ್ನೆಲ್ಲ ಬೀದಿಗೆ ಸಾಗಿಸಿ, ಮರವು ಒಣಗಿದ ಮೇಲೆಯೇ ಹೊಸ ಗೋಡೆ.

ಧರ್ಮಸೂಕ್ಷ್ಮವಿರುವುದು ಇಲ್ಲಿಯೇ. ಸೇವಕನಿಗೆ ಕಸವಾಗಿ ಕಂಡ, ಕೆಸರು ಮೆತ್ತಿದ ಭಾವಚಿತ್ರವು ಆ ಮನೆಯ ಒಡತಿಗೆ ತೀರಿಹೋದ ತಂದೆಯ ಕೊನೆಯ ಗುರುತಾಗಿರಬಹುದು. ಅವಳನ್ನು ಕೇಳದೆ ರಾಶಿಗೆ ಎಸೆಯಬಹುದೆ? ಕೊಡದೆ ಇದ್ದುದನ್ನು ತಾನೂ ತೆಗೆದುಕೊಳ್ಳಬಾರದು, ಪರರಿಗೂ ಕೊಡಬಾರದು ಎಂಬ ಅಚೌರ್ಯಾಣುವ್ರತವನ್ನು ನಾವು ಬಲ್ಲೆವು. ಎಸೆದವನಲ್ಲಿ ಲೋಭವಿಲ್ಲ, ಆದ್ದರಿಂದ ಅದು ಕಳವಲ್ಲ, ನಿಜ. ಆದರೂ ಪರರ ವಸ್ತುವಿನ ಗತಿಯನ್ನು ಅವನು ತಾನೇ ನಿರ್ಣಯಿಸಿದಂತಾಯಿತು. ಎಲ್ಲವನ್ನೂ ಕಳೆದುಕೊಂಡವಳಿಗೆ ಉಳಿದಿದ್ದುದು ತನ್ನ ಮನೆಯ ವಿಷಯದಲ್ಲಿ ‘ಬೇಕು’, ‘ಬೇಡ’ ಎನ್ನುವ ಹಕ್ಕು. ಅದೂ ಹೋಯಿತು.

ಒಂದೊಂದನ್ನೂ ಕೇಳುತ್ತ ಕುಳಿತರೆ ಮುಂದಿನ ಮನೆಯವರು ಕಾಯಬೇಕಲ್ಲವೆ ಎಂದು ಆಕ್ಷೇಪಿಸಬಹುದು. ಈ ಆಕ್ಷೇಪವು ಹಗುರವಾದುದಲ್ಲ. ಬೂಷ್ಟು ಆರೋಗ್ಯವನ್ನು ಕೆಡಿಸುತ್ತದೆ, ತಡವಾದರೆ ಮರವೂ ಕೊಳೆಯುತ್ತದೆ. ಅಪಾಯವನ್ನು ತಿಳಿಯಹೇಳುವುದು ಸೇವಕನ ಕರ್ತವ್ಯ. ನಿರ್ಣಯ ಮಾತ್ರ ಮನೆಯವರದು. ಅದಕ್ಕಾಗಿ ಕಳೆಯುವ ಹೊತ್ತೂ ಸೇವೆಯ ಲೆಕ್ಕಕ್ಕೇ ಸೇರಬೇಕು.

ಯಾವಜ್ಜೀವ ಹಿಡಿಯುವುದು ಯಮ. ಕಾಲದ ಮಿತಿಯಿಟ್ಟು ಹಿಡಿಯುವುದು ನಿಯಮ. ವಾರದ ಮಟ್ಟಿಗೆ ಹೋಗುವವನ ಸೇವೆ ನಿಯಮದಂತಿರಲಿ. ತನ್ನ ಊಟ-ವಸತಿಗಳ ಭಾರವನ್ನು ನೊಂದವರ ಮೇಲೆ ಹೊರಿಸದಿರಲಿ. ಮುಂದೆ ಕಟ್ಟುವವರಾರೆಂದು ತಿಳಿಯದೆ ಗೋಡೆಯನ್ನು ಕೀಳದಿರಲಿ. ಆ ನಗರದಲ್ಲಿ ಒಳಗೋಡೆಗಳನ್ನು ಕಳಚಿದ ಎಷ್ಟೋ ಮನೆಗಳು ವರ್ಷಗಟ್ಟಲೆ ಬರಿದಾಗಿ ನಿಂತಿದ್ದವು.

ಚತುರ್ವಿಧ ದಾನಗಳಲ್ಲಿ ಅಭಯದಾನವೂ ಒಂದು. ಮನೆ ಕಳೆದುಕೊಂಡವರಿಗೆ ಸೂರು ಅಭಯವೇ ಸರಿ. ಆದರೆ ನೆರವಿಗೆ ಬಂದವನ ಕೈಗೇ ಅವರು ಅಂಜುವಂತಾದರೆ, ಆ ಸೂರಿನ ಕೆಳಗೆ ಅಭಯವೆಲ್ಲಿಯದು?